ಹೊಸಿಲು ದಾಟುವ ಹಾಲಿಗೆ ಒಂದು ಹರಳು ಉಪ್ಪು

"ಆ ಮನೆ ಸೊಸೆ ಹಾಲಿಗೆ ಕರೆಂಟು ಕೊಡ್ತಾಳಂತೆ" ಎಂದು ಬಿಳಿಗೆರೆಯಲ್ಲೆಲ್ಲ ಸುದ್ದಿಯಾಗಿತ್ತು. ಆ ಸೊಸೆ ನಾನೇ. ಮೊದಮೊದಲು ಬಾವಿಕಟ್ಟೆಯಲ್ಲಿ ಯಾರಾದರೂ ಕೇಳಿದರೆ ಕೊಡ ಕೆಳಗಿಟ್ಟು ಬಿಡಿಸಿ ಹೇಳುತ್ತಿದ್ದೆ. ಕರೆಂಟು ಕೊಡುವುದಲ್ಲ, ಹಾಲಿನೊಳಗೆ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆಯುವುದು. ಹಾಲು ಕಾಯಿಸುತ್ತಾ ಹೋದ ಹಾಗೆ ಅದರಲ್ಲಿನ ನೀರು ಕಮ್ಮಿಯಾಗುತ್ತದಲ್ಲ, ಆಗ ಆ ಹರಿವು ಹೆಚ್ಚುತ್ತದೋ ತಗ್ಗುತ್ತದೋ ಎಂದು ನೋಡುವುದು. ಅವರು ಪೂರ್ತಿ ಕೇಳಿಸಿಕೊಂಡು, "ಅಂಗಾದ್ರೆ ಕುಡಿದೋರಿಗೆ ಶಾಕ್ ಹೊಡೆಯಲ್ವೇನವ್ವಾ?" ಎನ್ನುತ್ತಿದ್ದರು. ಆಮೇಲಾಮೇಲೆ ನಾನೂ, "ಹೊಡೀತದೆ ಕಣ್ರೀ, ಹುಷಾರಾಗಿರಿ" ಎಂದು ಕೊಡ ಎತ್ತಿಕೊಂಡು ಬಂದುಬಿಡುತ್ತಿದ್ದೆ. ನನ್ನ ತಾಳ್ಮೆ ಇರುವುದೇ ಅಷ್ಟು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನಾಗ ತಿಪಟೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಎಂ.ಫಿಲ್. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದಾಗ ನಮ್ಮ ವಿಭಾಗದ ಹಿರಿಯ ಮೇಷ್ಟ್ರು, ನನಗೆ ಗೈಡ್ ಆಗಲು ಒಪ್ಪಿದವರು, "ದೊಡ್ಡ ಮಿಷನ್ನು ಬೇಡೋ ವಿಷಯಕ್ಕೆ ಕೈ ಹಾಕಬೇಡಿ ಕಣಮ್ಮ. ನಮ್ಮ ಲ್ಯಾಬಲ್ಲಿ ಇರೋದರಲ್ಲೇ ಆಗೋದು ನೋಡಿ" ಎಂದಿದ್ದರು. ಲ್ಯಾಬಿನಲ್ಲಿ ಇದ್ದದ್ದಾದರೂ ಏನು? ಮರದ ಹಲಗೆಯ ಮೇಲೆ ಒಂದು ಮೀಟರ್ ತಂತಿ ಬಿಗಿದು ಕಟ್ಟಿದ ಬ್ರಿಜ್, ಬ್ಯಾಟರಿ ಕೊಟ್ಟರೆ ಗುಂಯ್‌ಗುಡುವ ಒಂದು ಸಣ್ಣ ಕಾಯಿಲ್, ಕಿವಿಗೆ ಹಾಕಿಕೊಳ್ಳುವ ಒಂದು ಹಳೇ ಹೆಡ್‌ಫೋನು. ಗಾಜಿನ ಪುಟ್ಟ ಲೋಟದಲ್ಲಿ ಹಾಲು ತುಂಬಿಸಿ, ಎರಡು ಸಣ್ಣ ಲೋಹದ ತಗಡು ಅದರಲ್ಲಿ ಮುಳುಗಿಸಿ, ಬ್ರಿಜ್ಜಿನ ತಂತಿಯ ಮೇಲೆ ಒಂದು ಮುಳ್ಳನ್ನು ಅತ್ತಿತ್ತ ಸರಿಸುತ್ತಾ ಹೋಗಬೇಕು. ಕಿವಿಯಲ್ಲಿ ಮೊರೆಯುವ ದನಿ ಒಂದು ಜಾಗದಲ್ಲಿ ಸಣ್ಣಗಾಗಿ ಅಡಗಿಬಿಡುತ್ತದೆ. ಅಲ್ಲಿಯ ಅಂಕಿ ಗುರುತು ಹಾಕಿಕೊಂಡರೆ ಹಾಲಿನ ವಾಹಕತೆಯ ಲೆಕ್ಕ ಸಿಕ್ಕಿದ ಹಾಗೆ. ನನಗೆ ಈ ಕೆಲಸ ಬಹಳ ಹಿಡಿಸಿತು. ಕಣ್ಣಿಗಿಂತ ಕಿವಿಗೆ ಕೆಲಸ ಕೊಡುವ ಪ್ರಯೋಗ ನಮ್ಮ ಲ್ಯಾಬಿನಲ್ಲಿ ಬೇರೊಂದಿರಲಿಲ್ಲ.

ಇದಕ್ಕೆ ಬೇಕಾದದ್ದು ಒಂದೇ ಹಸುವಿನ, ತೊಟ್ಟು ನೀರು ಬೀಳದ ಹಾಲು. ಕಾಲೇಜಿನ ಹಾಸ್ಟೆಲಿಗೆ ಬರುವ ಹಾಲನ್ನು ಒಂದು ದಿನ ಅಳೆದು ನೋಡಿ ನಕ್ಕುಬಿಟ್ಟಿದ್ದೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನುವ ಗಾದೆಯನ್ನು ಹೆಡ್‌ಫೋನಿನಲ್ಲಿ ಕೇಳಿದ್ದು ಆವತ್ತೇ. ನೀರಿನಂಶದ ಲೆಕ್ಕ ಮಾಡಹೊರಟವಳಿಗೆ ಮೊದಲೇ ನೀರು ಬೆರೆತ ಹಾಲು ಎತ್ತಲಿಂದ ಸರಿಹೋದೀತು? ಅದಕ್ಕೇ ನಮ್ಮ ಮನೆಯ ಕಪ್ಪು ಹಸುವಿನ ಹಾಲನ್ನೇ ದಿನಾ ಬೆಳಗ್ಗೆ ಮುಚ್ಚಳದ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಿಪಟೂರಿಗೆ ಒಯ್ಯುವುದೆಂದು ನಿಶ್ಚಯಿಸಿದೆ. ಕಾಲೇಜಿನಲ್ಲಿ ಅದನ್ನು ಸಣ್ಣ ಉರಿಯಲ್ಲಿ ಬತ್ತಿಸುತ್ತಾ, ಸ್ವಲ್ಪ ಬತ್ತಿದಾಗ, ಅರ್ಧ ಬತ್ತಿದಾಗ, ಗಟ್ಟಿ ಖೋವಾ ಆದಾಗ ಎಂದು ಹಂತಹಂತವಾಗಿ ತೂಗಿ, ಆರಿಸಿ, ಅಳೆಯುವುದು.

ಹಸು ನಮ್ಮ ಮನೆಯದು ಎಂದೆನಲ್ಲ, ಅದು ತಪ್ಪು. ಹಸು ನಮ್ಮ ಅತ್ತೆಯದು. ಅತ್ತೆ ದಂಡಿನಶಿವರದಿಂದ ಮದುವೆಯಾಗಿ ಬಂದಾಗ ಗಾಡಿಯ ಹಿಂದೆ ತವರಿನಿಂದ ಒಂದು ಕಡಸು ಬಂದಿತ್ತಂತೆ. ಅದರ ಮಗಳು, ಆ ಮಗಳ ಮಗಳು ಈ ಕಪ್ಪು ಹಸು. ತೋಟ ಮಾವನದು, ಕೊಬ್ಬರಿ ಅಟ್ಟ ನಮ್ಮ ಯಜಮಾನರದು, ಹಸು ಮಾತ್ರ ಅತ್ತೆಯದು. ಹಿಂಡಿ ನೆನೆಸುವುದು, ಮೈ ತಿಕ್ಕುವುದು, ಕರೆಯುವುದು, ಬೈಯುವುದು ಎಲ್ಲ ಅವರೇ. ಇದರ ತಾಯಿಗೆ ಒಂದು ಸಲ ಕೆಚ್ಚಲು ಬಾವು ಬಂದು, ಕೆಚ್ಚಲು ಕಲ್ಲಿನ ಹಾಗೆ ಗಟ್ಟಿಯಾಗಿ, ಹಾಲಿನ ಬದಲು ರಕ್ತ ಬಂದು, ಜ್ವರವೇರಿ ಮಲಗಿದ ದನ ಮೇಲೇಳಲೇ ಇಲ್ಲ. ಆಗಿನ್ನೂ ಕರುವಾಗಿದ್ದ ಇದನ್ನು ಅತ್ತೆ ಊರವರ ಮನೆಯ ಹಾಲು ತಂದು ಹಾಕಿ ಸಾಕಿದ್ದರು. ತವರಿನಿಂದ ಬಂದ ತಳಿಯಲ್ಲಿ ಉಳಿದದ್ದು ಇದೊಂದೇ. ಈಗ ಮೊದಲ ಸಲ ಈದು ಹೆಣ್ಣು ಕರು ಹಾಕಿತ್ತು. ಇದರ ಕೆಚ್ಚಲಿಗೆ ಏನಾದರೂ ಆದರೆ ಅತ್ತೆ ತಡೆದುಕೊಳ್ಳುವುದಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಂಥ ಅತ್ತೆ ನನಗೆ ದಿನಾ ಒಂದು ಡಬ್ಬಿ ಹಾಲು ಕೊಡಲು ಒಪ್ಪಿದ್ದೇ ದೊಡ್ಡದು. "ಓದಕ್ಕೆ ತಾನೇ? ತಗಂಡೋಗು" ಎಂದರು. ನನಗೆ ಅತ್ತೆಯನ್ನು ಕಂಡರೆ ಪ್ರಾಣ. ಮದುವೆಯಾಗಿ ಬಂದ ಹೊಸದರಲ್ಲಿ ಚಿಕ್ಕನಾಯಕನಹಳ್ಳಿಯ ಪೇಟೆ ಬೀದಿಯಲ್ಲಿ ಬೆಳೆದ ನನಗೆ ಸಗಣಿ ಬಾಚಲು ಬರುವುದಿಲ್ಲವೆಂದು ಯಾರೋ ಆಡಿಕೊಂಡಾಗ, "ನಿಮ್ಮನೆ ಸಗಣಿ ಏನಾದ್ರೂ ಬಾಚಕ್ಕೆ ಬಂದಿದ್ಲಾ?" ಎಂದು ಅವರ ಬಾಯಿ ಮುಚ್ಚಿಸಿದವರು ಅವರು.

ಆದರೆ ಪ್ರಯೋಗ ನನ್ನ ಬಾಯಿ ಮುಚ್ಚಿಸಿತು. ಅಂಕಿಗಳು ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇಲ್ಲ. ಒಂದು ದಿನ ಹಾಲಿನಲ್ಲಿ ಕರೆಂಟು ಸಾಧಾರಣವಾಗಿ ಹರಿದರೆ ಮರುದಿನ ಧಾರಾಳವಾಗಿ ಹರಿಯುತ್ತಿತ್ತು. ಅದರ ಮಾರನೇ ದಿನ ಎರಡರ ನಡುವೆ. ಬತ್ತಿಸಿದ ಮೇಲಂತೂ ಕೇಳುವುದೇ ಬೇಡ. ಗ್ರಾಫ್ ಹಾಳೆಯ ಮೇಲೆ ಚುಕ್ಕಿಗಳು ಕಾಳು ಎರಚಿದ ಹಾಗೆ ಬಿದ್ದಿರುತ್ತಿದ್ದವು. ತಗಡು ತೊಳೆದೆ, ತಂತಿ ಉಜ್ಜಿದೆ, ಬ್ಯಾಟರಿ ಬದಲಾಯಿಸಿದೆ, ಕೊನೆಗೆ ಬಸ್ಸಿನಲ್ಲಿ ಹಾಲು ಕುಲುಕಿದ್ದೇ ಕಾರಣವೆಂದು ಡ್ರೈವರನ ಮೇಲೆ ರೇಗಿದೆ. "ಹಾಲು ಕುಲುಕದೇ ಇರಬೇಕಂದ್ರೆ ರೋಡ್ ಮಾಡ್ಸವ್ವ, ನನ್ನ ಯಾಕೆ ಬೈತೀಯ" ಎಂದ ಆತ. ಮೇಷ್ಟ್ರು ನನ್ನ ಗ್ರಾಫ್ ನೋಡಿ, "ನಿಮ್ಮ ಹಸು ದಿನಕ್ಕೊಂದು ಜಾತಿ ಹಾಲು ಕೊಡುತ್ತೇನಮ್ಮ?" ಎಂದರು. ನಾನು ಬ್ರಿಜ್ಜಿನ ಮೇಲೆ ದೂರು ಹೇಳಲು ಹೋದೆ. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಈ ಬ್ರಿಜ್ಜಲ್ಲಿ ನಾನೇ ಇಪ್ಪತ್ತು ವರ್ಷ ಪಾಠ ಮಾಡಿದೀನಿ" ಎಂದು ಹಾಳೆ ವಾಪಸ್ಸು ಕೊಟ್ಟರು. ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಕೋಪಕ್ಕೆ ಅಳುವುದು ನನ್ನ ಹಳೇ ಅಭ್ಯಾಸ.

ಒಂದು ಬೆಳಗ್ಗೆ ಡಬ್ಬಿ ತೆಗೆದುಕೊಳ್ಳಲು ಎಂದಿಗಿಂತ ಸ್ವಲ್ಪ ಮುಂಚೆಯೇ ಅಡಿಗೆಮನೆಗೆ ಹೋದೆ. ಅತ್ತೆ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದರು. ಹಾಲಿನ ಡಬ್ಬಿಯ ಬಾಯಿ ತೆರೆದಿತ್ತು. ಪಕ್ಕದ ಉಪ್ಪಿನ ಜಾಡಿಗೆ ಕೈ ಹಾಕಿ, ಒಂದು ಹರಳು ಕಲ್ಲುಪ್ಪು ತೆಗೆದು, ಡಬ್ಬಿಯ ಸುತ್ತ ನಿವಾಳಿಸಿ ಒಳಕ್ಕೆ ಹಾಕಿ ಮುಚ್ಚಳ ಬಿಗಿದರು.

"ಅತ್ತೇ! ಏನ್ ಮಾಡಿದ್ರಿ ಅದು?" ನಾನು ಕೂಗಿದ ರಭಸಕ್ಕೆ ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದ ಮಾವ ಮಚ್ಚು ಹಿಡಿದೇ ಓಡಿ ಬಂದರು.

ಅತ್ತೆ ತಿರುಗಿ ನೋಡಿದರು. "ಯಾಕಂಗ್ ಕಿರುಚ್ತೀಯ? ಹಾವು ಕಂಡೋಳಂಗೆ."

"ಹಾಲಿಗೆ ಉಪ್ಪು ಹಾಕಿದ್ರಲ್ಲ!"

"ಹೊಸ್ಲು ದಾಟೋ ಹಾಲಿಗೆ ಉಪ್ಪು ಹಾಕ್ದೆ ಕಳಿಸ್ತಾರಾ? ನಿಮ್ಮೂರಲ್ಲಿ ಕಳಿಸ್ತಾರೇನೋ, ನಮ್ಮಲ್ಲಿ ಕಳಿಸಲ್ಲ. ಹಸೂಗೆ ದೃಷ್ಟಿ ಆಯ್ತದೆ."

ಉಪ್ಪು! ಹಾಲಿನಲ್ಲಿ ಕರೆಂಟನ್ನು ಹೊತ್ತು ನಡೆಸುವುದೇ ಅದರಲ್ಲಿ ಕರಗಿರುವ ಉಪ್ಪಿನಂಶ. ನಾನು ದೂಳಿನ ಕಣ ಬೀಳದ ಹಾಗೆ ತಗಡುಗಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆಯುತ್ತಿದ್ದರೆ ಇಲ್ಲಿ ಅತ್ತೆ ದಿನಾ ಒಂದೊಂದು ಹರಳು ಹಾಕಿ ಕಳಿಸುತ್ತಿದ್ದರು. ಒಂದು ದಿನ ಸಣ್ಣ ಹರಳು, ಒಂದು ದಿನ ದಪ್ಪ ಹರಳು. ಅಂಕಿಗಳು ದಿನಕ್ಕೊಂದು ಥರ ಆಗದೆ ಇನ್ನೇನು! ನಾನು ತಲೆಯ ಮೇಲೆ ಕೈಹೊತ್ತು ಅಲ್ಲೇ ಒಲೆಯ ಮುಂದೆ ಕೂತೆ. ಮಾವ ಇಬ್ಬರ ಮುಖವನ್ನೂ ನೋಡಿ, ಇದು ತಮ್ಮ ಕೈಲಾಗುವ ವ್ಯಾಜ್ಯವಲ್ಲವೆಂದು ಕಾಯಿ ಸುಲಿಯಲು ಹೋದರು.

"ಅತ್ತೆ, ನನ್ನ ಓದೇ ಹಾಳಾಗ್ತಿದೆ ಇದರಿಂದ. ನಾಳೆಯಿಂದ ಹಾಕಬೇಡಿ" ಎಂದೆ.

"ಅದೊಂದು ಮಾತ್ರ ಕೇಳಬ್ಯಾಡ ಕಣೇ" ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿ ಹೇಳಿದರು. ಇದರ ತಾಯಿ ಹಾಲು ಕೊಡುತ್ತಿದ್ದ ಕಾಲದಲ್ಲಿ ಅವರು ಹೊಲದಲ್ಲಿದ್ದಾಗ ಮಾವ ಯಾರದೋ ಮದುವೆ ಮನೆಗೆ ಒಂದು ಬಿಂದಿಗೆ ಹಾಲು ಉಪ್ಪು ಹಾಕದೆ ಕೊಟ್ಟು ಕಳಿಸಿದ್ದರಂತೆ. ಅದೇ ವಾರ ಕೆಚ್ಚಲು ಬಾತುಕೊಂಡಿತಂತೆ. "ಇವಳನ್ನೂ ಕಳಕಂಡ್ರೆ ನಾನು ಉಳಿಯಲ್ಲ ಕಣವ್ವ. ನಿಂಗೆ ಹಾಲು ಬೇಕಾ, ಬಿಂದಿಗೆಗಟ್ಲೆ ತಗ. ಉಪ್ಪು ಹಾಕ್ದೆ ಮಾತ್ರ ಹೊಸ್ಲು ದಾಟ್ಸಲ್ಲ."

ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವಾದ ಮಾಡಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ಮಾತಾಡುತ್ತೀರಿ ಎಂದೂ ಅಂದುಬಿಟ್ಟೆ. ಅತ್ತೆ ಎದ್ದು ಕೊಟ್ಟಿಗೆಗೆ ಹೋದರು. ಆಮೇಲೆ ಒಂದೆರಡು ದಿನ ನಮ್ಮಿಬ್ಬರಿಗೆ ಮಾತಿಲ್ಲ. ಊಟಕ್ಕೆ ಬಡಿಸುವಾಗ, "ಅವಳಿಗೆ ಸಾರು ಬೇಕಾ ಕೇಳೋ" ಎಂದು ಪಕ್ಕದಲ್ಲೇ ಕೂತ ನನ್ನ ಬಗ್ಗೆ ಮಗನನ್ನು ಕೇಳುವರು. "ಬೇಡವಂತೆ ಅನ್ನಿ" ಎಂದು ನಾನು. ಯಜಮಾನರು ಮುದ್ದೆ ನುಂಗುತ್ತಾ ಇಬ್ಬರಿಗೂ ಕಿವುಡರಾಗಿದ್ದರು.

ಪರಿಹಾರ ಹೇಳಿದ್ದೂ ಅತ್ತೆಯೇ. ಒಂದು ಸಂಜೆ ಹಸು ಕರೆದು ಬಂದವರು ಹಾಲಿನ ಚೊಂಬು ಕೆಳಗಿಟ್ಟು, ನನ್ನ ಮುಖ ನೋಡದೆ, "ಹಾಲು ಹೊಸ್ಲು ದಾಟದೇ ಇದ್ರೆ ಆಯ್ತಲ್ಲ" ಎಂದರು. "ನಿನ್ನ ಮಿಷನ್ನೇ ಹೊಸ್ಲು ದಾಟ್ಸಿ ಒಳಕ್ಕೆ ತಗಂಬಾ. ಅದಕ್ಕೇನು ದೃಷ್ಟಿ ಆಗಲ್ಲ."

ಇಷ್ಟು ಸುಲಭದ ಉಪಾಯ ನನಗೆ ಹೊಳೆದಿರಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಬೇಸಿಗೆ ರಜ ಹತ್ತಿರವಾಗಿತ್ತು. ಮೇಷ್ಟ್ರನ್ನು ಕೇಳಿದಾಗ, "ಕಾಲೇಜಿನ ಸಾಮಾನು ನಿಮ್ಮ ಅಡಿಗೆಮನೆಗಾ?" ಎಂದು ಕನ್ನಡಕ ತೆಗೆದು ನೋಡಿದರು. ಉಪ್ಪಿನ ಕಥೆ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಒಯ್ಯಿರಿ, ಒಯ್ಯಿರಿ. ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳಿ. ಇಪ್ಪತ್ತು ವರ್ಷದ ಬ್ರಿಜ್ಜಿನ ಮಾನ ಉಳಿಸಿದ್ರು" ಎಂದರು.

ಹಾಗೆ ನಮ್ಮ ಅಡಿಗೆಮನೆ ಆ ಬೇಸಿಗೆಯಲ್ಲಿ ಲ್ಯಾಬಾಯಿತು. ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಬ್ರಿಜ್, ಒಲೆಯಲ್ಲಿ ತೆಂಗಿನ ಚಿಪ್ಪಿನ ಕೆಂಡ. ಚಿಪ್ಪಿನ ಕೆಂಡದ ಕಾವು ಹದವಾಗಿ ಒಂದೇ ಸಮ ಇರುತ್ತದೆ. ಅತ್ತೆ ತಳ ಹಿಡಿಯದ ಹಾಗೆ ಬಾಣಲೆಯ ಹಾಲು ತಿರುವುತ್ತಿದ್ದರು. ನಾನು ಆಗಾಗ ಒಂದು ಸೌಟು ತೆಗೆದು, ತೂಗಿ, ನೀರಿನ ಬಾಂಡಲಿಯಲ್ಲಿ ಇಟ್ಟು ಆರಿಸಿ, ಅಳೆಯುತ್ತಿದ್ದೆ. ಅಳತೆಗೆ ಬಳಸಿದ್ದು ಹಿತ್ತಲಿನ ಬಾಳೆ ಬುಡಕ್ಕೆ, ಬಾಣಲೆಯಲ್ಲಿ ಉಳಿದದ್ದು ಸಕ್ಕರೆ ಏಲಕ್ಕಿ ಬಿದ್ದು ಮನೆಯವರ ಹೊಟ್ಟೆಗೆ. ಮಾವ ಮಧ್ಯಾಹ್ನ ತೋಟದಿಂದ ಬಂದವರೇ, "ಇವತ್ತು ನಿನ್ನ ಓದು ಎಲ್ಲೀಗಂಟ ಬಂತವ್ವ? ಗಟ್ಟಿಯಾಯ್ತಾ?" ಎಂದು ಕೈ ತೊಳೆಯುತ್ತಿದ್ದರು. ಅವರಿಗೆ ನನ್ನ ಎಂ.ಫಿಲ್. ಮೇಲೆ ಆಗ ಹುಟ್ಟಿದ ಗೌರವ ಕೊನೆಯವರೆಗೂ ಇತ್ತು.

ಅತ್ತೆಯ ತಲೆಗೆ ಹೆಡ್‌ಫೋನು ಹಾಕಿದ ದಿನವನ್ನು ನಾನು ಹೇಗೆ ಮರೆಯಲಿ! ಸೆರಗು ಸರಿಸಿ, ಓಲೆಗೆ ತಾಗದ ಹಾಗೆ ಕಿವಿಗೆ ಇಟ್ಟೆ. ಕಣ್ಣು ಇಷ್ಟಗಲವಾಯಿತು. "ಅಯ್ಯಯ್ಯಪ್ಪೋ! ದುಂಬಿ ಸೇರ್ಕಂಡಂಗೈತೆ ಕಣೇ! ಇದು ಹಾಲೇ ಕೂಗ್ತಿರೋದಾ?" ಎಂದು ಅಟ್ಟದಲ್ಲಿದ್ದವರಿಗೂ ಕೇಳುವ ಹಾಗೆ ಕೂಗಿದರು. ಹಾಲಲ್ಲ, ಕಾಯಿಲ್ ಎಂದು ಹೇಳಿದೆ. ಅವರು ಒಪ್ಪಲಿಲ್ಲ. ಮುಳ್ಳನ್ನು ಅವರ ಕೈಗೇ ಕೊಟ್ಟೆ. ಮೆಲ್ಲಗೆ ಸರಿಸುತ್ತಾ ಹೋಗಿ, "ಹೋಯ್ತು... ಹೋಯ್ತು... ಅಡಗೋಯ್ತು!" ಎಂದು ಎಳೆ ಹುಡುಗಿಯ ಹಾಗೆ ನಕ್ಕರು. ಆಮೇಲೆ ಗಂಭೀರವಾಗಿ, "ಇದರಿಂದ ಹಸೂಗೇನೂ ಆಗಲ್ಲ ತಾನೆ?" ಎಂದು ಕೇಳಿದರು. ಇಲ್ಲ ಎಂದು ಅವರ ಕೈ ಹಿಡಿದು ಹೇಳಿದೆ. ಅಂದಿನಿಂದ ದಿನದ ಮೊದಲ ಹಾಲಿನ ದನಿ ಅಡಗುವ ಜಾಗ ಹುಡುಕುವುದು ಅವರ ಪಾಲಿಗೆ ಬಂತು. ಅವರಿಗೆ ಅಂಕಿ ಓದಲು ಬರುತ್ತಿರಲಿಲ್ಲವಾದ್ದರಿಂದ ಆ ಜಾಗದಲ್ಲಿ ಹಲಗೆಯ ಮೇಲೆ ಕುಂಕುಮದ ಒಂದು ಬೊಟ್ಟು ಇಟ್ಟರು. ದಿನಾ ದನಿ ಅಲ್ಲೇ, ಆ ಬೊಟ್ಟಿನ ಹತ್ತಿರವೇ ಅಡಗುತ್ತಿತ್ತು. ಉಪ್ಪು ಬೀಳದ ಹಾಲು ದಿನಾ ಒಂದೇ ಮಾತಾಡುತ್ತಿತ್ತು.

ಗ್ರಾಫ್ ಕೂಡ ಸರಿದಾರಿಗೆ ಬಂತು. ನೀರು ಕಮ್ಮಿಯಾಗುತ್ತಾ ಹೋದಂತೆ ಮೊದಲು ಕರೆಂಟು ಇನ್ನೂ ಸಲೀಸಾಗಿ ಹರಿಯುತ್ತಿತ್ತು, ಏಕೆಂದರೆ ಇರುವ ಉಪ್ಪಿನಂಶ ಒತ್ತಾಗುತ್ತಿತ್ತು. ಒಂದು ಮಟ್ಟ ದಾಟಿದ ಮೇಲೆ ಹಾಲು ಮಂದವಾಗಿ ಆ ಉಪ್ಪಿನಂಶಕ್ಕೆ ಓಡಾಡಲು ದಾರಿಯೇ ಇಲ್ಲದಂತಾಗಿ ಹರಿವು ಇಳಿಯುತ್ತಿತ್ತು. ಗೆರೆ ಎತ್ತಿನ ಡುಬ್ಬದ ಹಾಗೆ ಏರಿ ಇಳಿಯಿತು. ನಾನು ಅದನ್ನು ಉಪ್ಪಿನ ಜಾಡಿಯ ಮೇಲಿನ ಗೋಡೆಗೇ ಅಂಟಿಸಿದೆ.

ರಜ ಇನ್ನೇನು ಮುಗಿಯುವುದರಲ್ಲಿತ್ತು. ಒಂದು ಬೆಳಗ್ಗೆ ಅತ್ತೆ ಹೆಡ್‌ಫೋನು ಹಾಕಿಕೊಂಡು ಮುಳ್ಳು ಸರಿಸುತ್ತಿದ್ದವರು, "ಇವತ್ತು ಬೊಟ್ಟಿನತ್ರ ಅಡಗ್ತಿಲ್ಲ ಕಣೇ" ಎಂದರು. ನಾನು ಕಿವಿಗಿಟ್ಟುಕೊಂಡು ನೋಡಿದೆ. ನಿಜ. ದನಿ ಅಡಗುವ ಜಾಗ ಬೊಟ್ಟಿನಿಂದ ಆಚೆಗೆ ಸರಿದಿತ್ತು. ಕಾಲೇಜಿನಲ್ಲಿ ಉಪ್ಪಿನ ಹಾಲು ಅಳೆದಾಗ ಸರಿಯುತ್ತಿತ್ತಲ್ಲ, ಅದೇ ದಿಕ್ಕಿಗೆ. ನಾನು ಅತ್ತೆಯ ಮುಖ ನೋಡಿದೆ.

"ಅತ್ತೆ, ಉಪ್ಪು ಹಾಕಿದ್ರಾ?"

"ಇಲ್ಲ ಕಣೇ."

"ನಿಜ ಹೇಳಿ. ಮರೆತು ಕೈ ಹೋಗಿರಬಹುದು."

ಅತ್ತೆ ಹೆಡ್‌ಫೋನನ್ನು ಕಟ್ಟೆಯ ಮೇಲಿಟ್ಟರು. "ಕೊಟ್ಟಿಗೆಯಿಂದ ಸೀದಾ ಇಲ್ಲಿಗೆ ತಂದಿದೀನಿ. ನನ್ನ ಹಸೂನಾಣೆ" ಎಂದರು. ಅತ್ತೆ ಯಾರ ಮೇಲೆ ಬೇಕಾದರೂ ಆಣೆ ಇಡುವವರು, ಹಸುವಿನ ಮೇಲೆ ಇಡುವವರಲ್ಲ.

ಲೋಟ, ತಗಡು ತೊಳೆದು ಮತ್ತೆ ನೋಡಿದೆ, ತಂತಿ ಬದಲಾಯಿಸಿ ನೋಡಿದೆ. ಉಪಕರಣದಲ್ಲಿ ದೋಷವಿರಲಿಲ್ಲ. ಸಂಜೆ ಕೊಟ್ಟಿಗೆಯಲ್ಲಿ ಪಕ್ಕದಲ್ಲೇ ನಿಂತು ಕರೆಸಿಕೊಂಡು ಅಳೆದೆ. ಆಗಲೂ ಅಷ್ಟೇ. ಲ್ಯಾಬಿನಲ್ಲಿ ಒಂದು ಸರ್ಕ್ಯೂಟ್ ಕೆಟ್ಟರೆ ಒಂದೊಂದೇ ತಂತಿ ಬಿಚ್ಚಿ, ತಪ್ಪು ಎಲ್ಲಿದೆಯೆಂದು ಹುಡುಕುವುದು ನಮ್ಮ ರೂಢಿ. ಅದೇ ಯೋಚನೆಯಲ್ಲಿ, "ಅತ್ತೆ, ನಾಳೆ ಒಂದೊಂದು ಮೊಲೆಯ ಹಾಲು ಬೇರೆ ಬೇರೆ ಲೋಟಕ್ಕೆ ಕರೀರಿ, ನೋಡೋಣ" ಎಂದೆ.

ಬೆಳಗ್ಗೆ ಕಟ್ಟೆಯ ಮೇಲೆ ನಾಲ್ಕು ಲೋಟ ಸಾಲಾಗಿ ಕೂತವು. ಮೊದಲನೆಯದು ಬೊಟ್ಟಿನ ಹತ್ತಿರ ಅಡಗಿತು. ಎರಡನೆಯದೂ, ಮೂರನೆಯದೂ ಹಾಗೇ. ನಾಲ್ಕನೆಯದಕ್ಕೆ ಮುಳ್ಳು ಬೊಟ್ಟು ದಾಟಿ ಎಲ್ಲೋ ದೂರ ಹೋಯಿತು. ನಾನು, "ಇದು ಯಾವುದು?" ಎಂದೆ. ಅತ್ತೆ, "ಹಿಂದಿನ ಎಡಗಡೇದು" ಎಂದರು. ಹೇಳುತ್ತಿದ್ದಂತೆ ಅವರ ಮುಖದ ಬಣ್ಣ ಹೋಯಿತು. ಇಬ್ಬರೂ ಕೊಟ್ಟಿಗೆಗೆ ಓಡಿದೆವು. ಅತ್ತೆ ಆ ಮೊಲೆಯನ್ನು ಮುಟ್ಟಿ, ಒತ್ತಿ, ಕೆನ್ನೆ ಇಟ್ಟು ನೋಡಿದರು. ಬಾವಿಲ್ಲ, ಬಿಸಿಯಿಲ್ಲ, ಹಸು ಕಾಲು ಝಾಡಿಸಲಿಲ್ಲ. ಮೆಲುಕು ಹಾಕುತ್ತಾ ನಿಂತಿತ್ತು. ಆದರೂ ಅತ್ತೆ ಮೊಲೆಯಿಂದ ಕೈ ತೆಗೆಯಲಿಲ್ಲ. "ಬಂದ್ಬುಡ್ತು ಕಣವ್ವ. ಅವರಮ್ಮಂದೂ ಎಡಗಡೇದೇ ಮೊದಲು ಬಾತಿದ್ದು" ಎಂದರು.

ಯಜಮಾನರು ಸೈಕಲ್ ತುಳಿದುಕೊಂಡು ಹೋಗಿ ದನದ ಡಾಕ್ಟರನ್ನು ಕರೆತಂದರು. ಡಾಕ್ಟರು ಕೆಚ್ಚಲು ಮುಟ್ಟಿ ನೋಡಿ, "ಚೆನ್ನಾಗೇ ಇದೆಯಲ್ಲ. ಯಾರಮ್ಮ ಹೇಳಿದ್ದು ಕಾಯಿಲೆ ಅಂತ?" ಎಂದರು. ಅತ್ತೆ ನನ್ನ ಕಡೆ ಕೈ ತೋರಿಸಿ, "ಇವಳ ಮಿಷನ್ ಹೇಳ್ತು ಸ್ವಾಮಿ" ಎಂದರು. ನಾನು ಹಾಲು ಉಪ್ಪಾದ ಸಂಗತಿ ವಿವರಿಸಿದೆ. ಅವರ ಮುಖದ ನಗು ಹೋಯಿತು. ಒಂದು ಕಪ್ಪು ಬಟ್ಟೆ ತರಿಸಿ, ಆ ಮೊಲೆಯ ಮೊದಲ ಧಾರೆಯನ್ನು ಅದರ ಮೇಲೆ ಹಿಂಡಿದರು. ಬಟ್ಟೆಯ ಮೇಲೆ ರವೆಯಷ್ಟು ಸಣ್ಣ ಬಿಳಿ ಕಣಗಳು ಉಳಿದವು. "ಒಳಗೊಳಗೇ ಶುರುವಾಗಿದೆ. ಕೆಚ್ಚಲು ಬಾವು. ಹಾಲು ಉಪ್ಪಾಗಿರೋದು ಅದಕ್ಕೇ. ಇನ್ನೂ ಹೊರಗೆ ಕಾಣಿಸ್ಕೊಂಡಿಲ್ಲ ಅಷ್ಟೆ" ಎಂದು ಮೊಲೆಯ ತುದಿಯಿಂದ ಟ್ಯೂಬಿನ ಔಷಧಿ ಒತ್ತಿದರು. ಆ ಮೊಲೆಯ ಹಾಲು ಪೂರ್ತಿ ಹಿಂಡಿ ಚೆಲ್ಲಬೇಕು, ಕರುವಿಗೆ ಬಿಡಬಾರದು ಎಂದರು. ಉಳಿಯುತ್ತದೋ ಇಲ್ಲವೋ ಎಂದು ಅತ್ತೆ ಕೇಳಿದ್ದಕ್ಕೆ, "ಬೇಗ ಸಿಕ್ಕಿದೆ. ನೋಡೋಣ" ಎಂದಷ್ಟೇ ಹೇಳಿ ಹೋದರು.

ಆ ಮೇಲಿನ ದಿನಗಳಲ್ಲಿ ಅತ್ತೆ ಹೆಸರಿಗೆ ಊಟ ಮಾಡುತ್ತಿದ್ದರು. ಡಾಕ್ಟರು ಮತ್ತೆ ಬಂದು ಔಷಧಿ ಹಾಕಿ ಹೋದರು. ಪ್ರಬಂಧದ ಕೆಲಸ ನಾನೂ ಕಟ್ಟಿಟ್ಟಿದ್ದೆ. ಬ್ರಿಜ್ ಈಗ ಆ ಒಂದು ಮೊಲೆಗೇ ಮೀಸಲು. ಬೆಳಗ್ಗೆ ಸಂಜೆ ಅದರ ಹಾಲು ಒಂದು ಲೋಟ ಅಳೆದು ಚೆಲ್ಲುವುದು. ಮೊದಮೊದಲು ಮುಳ್ಳು ಅಲ್ಲೇ ದೂರದಲ್ಲೇ ನಿಂತಿತ್ತು. ಆಮೇಲೆ ಕೂದಲೆಳೆಯಷ್ಟು ಬೊಟ್ಟಿನ ಕಡೆ ಬಂತು. ಮರುದಿನ ಮತ್ತೆ ಹಿಂದೆ ಸರಿಯಿತು. ಅತ್ತೆ ಮುಖ ಸೊಪ್ಪಾಗುವುದನ್ನು ನೋಡಲಾರದೆ ನಾನು ಬ್ರಿಜ್ಜನ್ನು ಬೈದೆ, ಔಷಧಿಯನ್ನು ಬೈದೆ, ತಣ್ಣಗೆ ಮೆಲುಕು ಹಾಕುತ್ತಿದ್ದ ಹಸುವನ್ನೂ ಬೈದೆ. "ಅವಳನ್ನ ಬಯ್ಯಬ್ಯಾಡ ಕಣೇ, ಅವಳೇನ್ ಮಾಡ್ಯಾಳು" ಎಂದು ಅತ್ತೆ ನನ್ನನ್ನು ಸಮಾಧಾನ ಮಾಡಿದರು.

ಕಾಲೇಜು ಶುರುವಾಗುವ ಹಿಂದಿನ ದಿನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅಡಿಗೆಮನೆಯಿಂದ ಅತ್ತೆ ಕೂಗಿದರು. "ಬಾ ಇಲ್ಲಿ! ಬೇಗ ಬಾರೇ!" ಸೋಪಿನ ಕೈಯಲ್ಲೇ ಓಡಿದೆ. ಅವರು ಹೆಡ್‌ಫೋನು ಹಾಕಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದರು. ಮುಳ್ಳು ಕುಂಕುಮದ ಬೊಟ್ಟಿನ ಮೇಲೇ ಇತ್ತು. ಹೆಡ್‌ಫೋನು ಕಿತ್ತುಕೊಂಡು ಕೇಳಿದೆ. ದನಿಯಿಲ್ಲ. ಮುಳ್ಳು ಇತ್ತ ಸರಿಸಿದರೆ ಗುಂಯ್, ಅತ್ತ ಸರಿಸಿದರೆ ಗುಂಯ್, ಬೊಟ್ಟಿನ ಮೇಲೆ ನಿಶ್ಶಬ್ದ. ನಾನು ಅತ್ತೆಯನ್ನು ತಬ್ಬಿಕೊಂಡು ಕುಣಿದುಬಿಟ್ಟೆ. ಡಾಕ್ಟರೂ ಅಂದು ಬಂದು ಕಪ್ಪು ಬಟ್ಟೆಯ ಮೇಲೆ ಹಿಂಡಿ, ಒಂದು ಕಣವೂ ಕಾಣದ್ದನ್ನು ತೋರಿಸಿ, "ಗೆದ್ರಿ ಕಣಮ್ಮ" ಎಂದು ಕಾಫಿ ಕುಡಿದು ಹೋದರು.

ಡಾಕ್ಟರು ಹೋದ ಮೇಲೆ ನೋಡಿದರೆ ಅತ್ತೆ ಒಳಗಿಲ್ಲ. ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಗೋಡೆಗೊರಗಿ ಕೂತಿದ್ದರು. ಸಂತೋಷಕ್ಕೆ ಕೂತಿದ್ದಾರೆಂದು ನಾನೂ ಪಕ್ಕದಲ್ಲಿ ಕೂತೆ. ಅತ್ತೆ ಹಸುವಿನ ಕಡೆ ನೋಡುತ್ತಲೇ, "ಅವರಮ್ಮಂಗೂ ಹಿಂಗೇ ಒಳಗೊಳಗೆ ಶುರುವಾಗಿತ್ತೇನೇ?" ಎಂದರು.

ನಾನು ಅವರ ಕಡೆ ತಿರುಗಿದೆ.

"ಅದರ ಕೆಚ್ಚಲು ಕಲ್ಲಾಗೋಕೆ ಮುಂಚೆ, ದಿನಾ ಹಾಲು ತಗಂತಿದ್ದ ಆಚೆಮನೆಯೋರು ನನ್ನತ್ರ ಅಂದಿದ್ರು. ಯಾಕವ್ವ, ನಿಮ್ಮ ಹಾಲು ಉಪ್ಪುಪ್ಪಾಗೈತೆ ಅಂತ. ಒಂದ್ಸಲ ಅಲ್ಲ, ಎಲ್ಡು ಮೂರು ಸಲ ಅಂದ್ರು. ನಾನು ನಕ್ಕಂಡು, ದೃಷ್ಟಿಗೆ ಹಾಕಿರೋ ಉಪ್ಪು ಕಣ್ರೀ, ಹರಳು ದೊಡ್ಡದು ಬಿದ್ದೈತೆ ಅಂದೆ. ಪ್ರತಿ ಸಲಾನೂ ಹಂಗೇ ಅಂದೆ. ಅವಳು ನಂಗೆ ಹೇಳ್ತಾನೇ ಇದ್ಲು ಕಣೇ. ನಾನೇ ಕೇಳಿಸ್ಕಣ್ಲಿಲ್ಲ. ನಾನು ಹಾಕಿದ ಉಪ್ಪು, ಅವಳುಪ್ಪು, ಎರಡೂ ಒಂದೇ ಮಾಡ್ಬುಟ್ಟೆ. ಇಷ್ಟು ವರ್ಷ ಪಾಪ ನಿಮ್ಮ ಮಾವನ್ನ ಬೈಕಂಡು ಬಂದೆ."

ಸೆರಗಿನಿಂದ ಮುಖ ಮುಚ್ಚಿಕೊಂಡರು. ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೌದು, ಅದೇ ಕಾಯಿಲೆ. ಅದರ ಹಾಲು ಉಪ್ಪಾಗಿದ್ದು ಅದಕ್ಕೇ. ಇದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಹಾಲಿನಲ್ಲಿನ ಉಪ್ಪಿನ ವಿಷಯದಲ್ಲಿ ಆ ತಾಲ್ಲೂಕಿನಲ್ಲಿ ನನಗಿಂತ ಚೆನ್ನಾಗಿ ಹೇಳಬಲ್ಲವರು ಆಗ ಯಾರಿದ್ದರು?

"ಇಲ್ಲ ಅತ್ತೆ" ಎಂದೆ. "ಅದು ಬೇರೆ ಕಾಯಿಲೆ. ಆ ಥರದ ಬಾವಿಗೆ ಹಾಲು ಮೊದಲೇ ಉಪ್ಪಾಗೋದಿಲ್ಲ. ಅವರು ಹೇಳಿದ್ದು ನೀವು ಹಾಕಿದ ಉಪ್ಪಿಂದೇ. ಡಾಕ್ಟರೂ ಹಾಗೇ ಅಂದ್ರು."

ಅತ್ತೆ ಸೆರಗು ತೆಗೆದು ನನ್ನನ್ನು ನೋಡಿದರು. ಕಣ್ಣು ಕೆಂಪಗಿದ್ದವು.

"ಡಾಕ್ಟ್ರು ಯಾವಾಗಂದ್ರೇ? ಅವರು ಬಂದಾಗ್ಲೆಲ್ಲ ನಾನು ಇಲ್ಲೇ ನಿಂತಿದ್ನಲ್ಲ."

ನಾನು ಹುಲ್ಲು ಕಡ್ಡಿ ಮುರಿಯುತ್ತಾ ಕೂತೆ.

"ಸುಳ್ಳು ಹೇಳಕ್ಕೆ ಬರಲ್ಲ ಕಣೇ ನಿಂಗೆ" ಎಂದರು ಅತ್ತೆ. ಹಾಗೆಂದು ತಲೆಯನ್ನು ನನ್ನ ಹೆಗಲಿಗೆ ಒರಗಿಸಿದರು. ಮೆಲ್ಲಗೆ, "ಆದ್ರೂ ಇನ್ನೊಂದ್ಸಲ ಹೇಳು" ಎಂದರು.

ನಾನು ಇನ್ನೊಂದು ಸಲ ಹೇಳಿದೆ.